ಸಂಗವ್ವನ ಮನೆಯ ಉಸಿರು

ಕಾವಲು ಕೋಶಗಳಿಗೆ ರೋಗಿಯ ಮನೆಯನ್ನು ಪರಿಚಯಿಸುವುದು ನನ್ನ ಕೆಲಸ. ನೇಮಕಾತಿ ಪತ್ರದಲ್ಲಿ ಇದಕ್ಕೆ 'ಗೃಹ ಸಿದ್ಧತಾ ಅಧಿಕಾರಿ' ಎಂಬ ಹೆಸರಿದೆ. ಹುಬ್ಬಳ್ಳಿಯ ನಮ್ಮ ಕೇಂದ್ರಕ್ಕೆ ಬರುವ ಜನ ಮಾತ್ರ ನನ್ನನ್ನು ಪೆಟ್ಟಿಗೆಯವನು ಎಂದೇ ಗುರುತಿಸುತ್ತಾರೆ.

ವಿಷಯ ಕೇಳಲು ಸರಳವಾಗಿದೆ. ಕ್ಯಾನ್ಸರ್ ಆದವರ ರಕ್ತದಿಂದ ಒಂದಿಷ್ಟು ಬಿಳಿ ಕೋಶಗಳನ್ನು ತೆಗೆಯುತ್ತೇವೆ. ಅವುಗಳ ಸ್ವಭಾವ ತಿದ್ದಿ, ಸೀಸೆಯಲ್ಲಿ ಕೋಟಿಗಟ್ಟಲೆ ಬೆಳೆಸಿ, ಮತ್ತೆ ಅದೇ ದೇಹಕ್ಕೆ ಬಿಡುತ್ತೇವೆ. ಈ ಕಾವಲು ಕೋಶಗಳು ಗಂಟನ್ನು ಹುಡುಕಿಕೊಂಡು ಹೋಗಿ ಕರಗಿಸುತ್ತವೆ. ಮೊದಮೊದಲು ಎಲ್ಲರಿಗೂ ಬಹಳ ಸಂತೋಷವಾಗಿತ್ತು. ಆಮೇಲೆ, ಗಂಟು ಕರಗಿ ಮನೆಗೆ ಹೋದವರು ಒಬ್ಬೊಬ್ಬರಾಗಿ ಜ್ವರ ಹೊತ್ತು ಮರಳತೊಡಗಿದರು. ಕೆಲವರಿಗೆ ಮರಳುವಷ್ಟೂ ಸಮಯ ಸಿಗಲಿಲ್ಲ. ಈ ಕೋಶಗಳಿಗೆ ಗುರುತಿಲ್ಲದ್ದೆಲ್ಲ ಶತ್ರು. ಪಕ್ಕದ ಮನೆಯವರ ಬಾಯಲ್ಲಿರುವ ನಿರುಪದ್ರವಿ ಸೂಕ್ಷ್ಮಜೀವಿಯಾಗಲಿ, ಎಮ್ಮೆಯ ಮೈಮೇಲಿನ ಧೂಳಾಗಲಿ, ಯಾವುದೋ ಒಂದು ನೆಪ ಸಾಕಿತ್ತು. ರೊಚ್ಚಿಗೆದ್ದು ತಾವು ಕಾಯಬೇಕಾದ ದೇಹವನ್ನೇ ಸುಡುತ್ತಿದ್ದವು.

ಅದಕ್ಕಾಗಿ ಪಾಠ ಬಂತು. ಕೋಶಗಳು ಸೀಸೆಯಲ್ಲಿ ಬೆಳೆಯುವ ಇಪ್ಪತ್ತೊಂದು ದಿನ ರೋಗಿಯ ಮನೆಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದು ಮನೆಯ ಗಾಳಿಯನ್ನು ಸಣ್ಣಗೆ ಎಳೆದುಕೊಂಡು ತಟ್ಟೆಗಳ ಮೇಲೆ ಇಳಿಸುತ್ತದೆ. ಮೂರು ದಿನಕ್ಕೊಮ್ಮೆ ಗಾಳಿ ಸೋಸುವ ಮುಖಗವಸು ಹಾಕಿಕೊಂಡು ಹೋಗಿ ತಟ್ಟೆ ಬದಲಿಸಿ, ರಕ್ತದ ಮಾದರಿ ತೆಗೆದುಕೊಂಡು ಬರುತ್ತೇನೆ. ಕೋಶಗಳು ಅದರಿಂದ ಕಲಿಯುತ್ತವೆ: ಇದು ನಮ್ಮ ಮನೆ, ಇವರು ನಮ್ಮವರು. ಒಬ್ಬರ ಉಸಿರನ್ನು ಬೇರೆ ಎಲ್ಲೋ ಹಿಡಿದು ತಂದುಕೊಟ್ಟರೆ ಅವು ಕಲಿಯುವುದಿಲ್ಲ. ರೋಗಿಯ ಉಸಿರಿನ ಜೊತೆ ಒಂದೇ ಸೂರಿನ ಕೆಳಗೆ ಬೆರೆತ ಉಸಿರನ್ನು ಮಾತ್ರ ಒಪ್ಪುತ್ತವೆ. ಯಾಕೆ ಎಂದು ನಮಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಪಾಠದಲ್ಲಿ ಇಲ್ಲದವರು ಚಿಕಿತ್ಸೆಯ ನಂತರ ಹದಿನಾಲ್ಕು ತಿಂಗಳು ಆ ಮನೆಯೊಳಗೆ ಕಾಲಿಡುವಂತಿಲ್ಲ. ಬಯಲಲ್ಲಿಯೂ ಇಪ್ಪತ್ತು ಅಡಿ ದೂರ ನಿಲ್ಲಬೇಕು.

ಆದ್ದರಿಂದ ಪೆಟ್ಟಿಗೆ ಇಡುವಾಗ ನಾನು ಹೇಳುವುದು ಒಂದೇ ಮಾತು: ಇದ್ದ ಹಾಗೇ ಇರಿ.

ಹಾಗೆ ಇರುವುದು ಯಾರಿಗೂ ಆಗುವುದಿಲ್ಲ. ಯಾರೋ ಬರುತ್ತಾರೆ, ನೋಡುತ್ತಾರೆ ಎಂದರೆ ನಮ್ಮ ಜನ ಮೊದಲು ಕಸಬರಿಗೆ ಹಿಡಿಯುತ್ತಾರೆ. ನಾನು ಹೋದ ಮನೆಗಳಲ್ಲಿ ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಹೊದಿಕೆ ಹಾಸಿರುತ್ತಾರೆ, ಮಂಚದ ಕೆಳಗಿನ ಟ್ರಂಕುಗಳು ಮಾಯವಾಗಿರುತ್ತವೆ. ನಾನು ಅದನ್ನೆಲ್ಲ ನೋಡಿ ಸುಮ್ಮನಿರುತ್ತಿದ್ದೆ. ಬೇರೆಯವರ ಮನೆಯಲ್ಲಿ ನಿಂತು ಪ್ರಶ್ನೆ ಕೇಳುವುದು ನನಗೆ ಮೊದಲಿನಿಂದಲೂ ಕಷ್ಟ.

ಗದಗಿನ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಸಂಗವ್ವನವರ ಮನೆಗೆ ಹೋದ ದಿನ ಬಾಗಿಲಲ್ಲೇ ಹೊಸ ಬಣ್ಣದ ವಾಸನೆ ಬಂತು. ಅದರ ಹಿಂದೆ ಫಿನಾಯಿಲು. ಸಂಗವ್ವನವರಿಗೆ ಐವತ್ತೆಂಟು ವರ್ಷ, ಕುತ್ತಿಗೆಯ ದುಗ್ಧರಸ ಗ್ರಂಥಿಗಳಲ್ಲಿ ಕ್ಯಾನ್ಸರ್. ಮಗಳು ಮಹಾನಂದಾ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು, ಮದುವೆಯಾಗಿರಲಿಲ್ಲ. ನಮ್ಮ ಕೇಂದ್ರ ಕೊಟ್ಟ ಪುಸ್ತಿಕೆಯನ್ನು ಅವಳು ಗೆರೆ ಎಳೆದು ಓದಿದ್ದಳು.

"ಅವ್ವನ ಹುಳುಕ ಹಲ್ಲು ಕೀಳಿಸೇನ್ರಿ. ಜ್ವರ ನೋಡೋ ಕಡ್ಡಿ ಎರಡು ತಂದೇನಿ, ಒಂದು ಒಡದ್ರ ಇನ್ನೊಂದು ಇರ್ಲಿ ಅಂತ. ಕುಡಿಯೋ ನೀರಿಗೆ ಬ್ಯಾರೆ ಡ್ರಮ್ ಐತಿ. ಕೂದಲಾ ಹೋಗ್ತಾವಂತ ಈಗ ಸಣ್ಣಗ ಕತ್ತರಿಸೇನಿ. ದವಾಖಾನಿ ಚೀಲ ತುಂಬಿ ಇಟ್ಟೇನಿ. ಗ್ವಾಡಿಗೂ ಬಣ್ಣ ಹೊಡಿಸೇನಿ," ಎಂದಳು.

"ನನ್ನ ಹೆಣದ ಸಿಂಗಾರಾನೂ ಇಷ್ಟ ಚಂದ ಮಾಡ್ತಾಳೋ ಇಲ್ಲೋ," ಎಂದರು ಕುರ್ಚಿಯಲ್ಲಿ ಕುಳಿತಿದ್ದ ಸಂಗವ್ವ.

"ಬೇ, ಸುಮ್ನಿರು. ಸರ್ರ ಮುಂದ ಹಂಗೆಲ್ಲಾ ಮಾತಾಡ್ತಾರೇನು?"

ನಾನು ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಗೆ, ಕುಳಿತವರ ಮೂಗಿನ ಮಟ್ಟಕ್ಕೆ ಬಿಗಿದೆ. "ಇದ್ದ ಹಾಗೇ ಇರ್ರಿ," ಎಂದೆ.

"ಹೌದ್ರಿ. ಇನ್ನ ಹಿಂಗ ಇರ್ತೀವಿ," ಎಂದಳು ಮಹಾನಂದಾ.

ಹಿತ್ತಲ ಬಾಗಿಲಿನಾಚೆ ತಾಡಪತ್ರಿಯ ಕೆಳಗೆ ಉದ್ದನೆಯ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟದ್ದು ಕಂಡಿತು. ಹತ್ತು ಹನ್ನೆರಡು ಇದ್ದವು. ಎರಡೇ ಜನರ ಮನೆಗೆ ಅಷ್ಟು ಬೆಂಚು ಯಾಕೆ ಎಂದು ನಾನು ಕೇಳಲಿಲ್ಲ.

ಆರನೇ ದಿನದ ತಟ್ಟೆಯನ್ನು ಪ್ರಯೋಗಾಲಯದಲ್ಲಿ ಓದುವಾಗ ಆ ಬೆಂಚು ನೆನಪಾಯಿತು. ತಟ್ಟೆಗಳನ್ನು ಓದಿ ಓದಿ ನನಗೆ ಒಂದು ಅಭ್ಯಾಸ ಬಿದ್ದುಬಿಟ್ಟಿದೆ. ಮುಖ ಮರೆತರೂ ಮನೆಯ ಧೂಳು ಮರೆಯುವುದಿಲ್ಲ. ಎಲ್ಲಿ ನೂಲಿದೆ, ಎಲ್ಲಿ ಬೀಡಿಯ ಹೊಗೆ ಇದೆ, ಯಾವ ಮನೆಯ ಯಜಮಾನ ವಾರಕ್ಕೆ ಎರಡು ದಿನ ಬೇರೆಡೆ ಇರುತ್ತಾನೆ, ಎಲ್ಲ ತಿಳಿಯುತ್ತದೆ. ಸಂಗವ್ವನವರ ತಟ್ಟೆಯಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಎರಡು ಉಸಿರು, ಬಣ್ಣ, ಫಿನಾಯಿಲು. ಅವರ ಅರ್ಜಿಯಲ್ಲಿ ಉದ್ಯೋಗದ ಮುಂದೆ 'ಖಾನಾವಳಿ' ಎಂದಿತ್ತು. ಖಾನಾವಳಿಯ ಗಾಳಿಯಲ್ಲಿ ಜೋಳದ ಹಿಟ್ಟಿನ ಒಂದು ಕಣವೂ ಇಲ್ಲದೆ ಇರುವುದು ಹೇಗೆ?

ಆರೋಗ್ಯ ಸರಿಯಿಲ್ಲವೆಂದು ಮುಚ್ಚಿರಬಹುದು ಎಂದುಕೊಂಡೆ. ಫೋನ್ ಪಕ್ಕದಲ್ಲೇ ಇತ್ತು. ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಆಗಿನ್ನೂ ಹದಿನೈದು ದಿನ ಬಾಕಿ ಇತ್ತು. 'ಮಾದರಿ ಸ್ವಚ್ಛವಾಗಿದೆ' ಎಂದು ಬರೆದು ಮುಂದಿನ ತಟ್ಟೆ ಎತ್ತಿಕೊಂಡೆ.

ಇಪ್ಪತ್ತೊಂದನೇ ದಿನ ಡಾಕ್ಟರ್ ಮುಲ್ಲಾ ನನ್ನನ್ನು ಕರೆದರು. ಕೇಂದ್ರದ ಮುಖ್ಯಸ್ಥೆ ಅವರು. ಎಂದೂ ದನಿ ಎತ್ತಿದವರಲ್ಲ.

"ಧರಣೇಂದ್ರ, ಈ ಸಂಗವ್ವ ಖಾನಾವಳಿ ನಡಸ್ತಾರಂತ ಬರದೈತಿ. ದಿನಾ ಎಷ್ಟು ಮಂದಿ ಉಣ್ತಾರ?"

"ಗೊತ್ತಿಲ್ಲ ಮೇಡಂ."

"ಎರಡ ಉಸಿರ ಅದಾವಲ್ಲ ಇಲ್ಲಿ. ಕೇಳಲಿಲ್ಲೇನು?"

ನಾನು ತಲೆ ತಗ್ಗಿಸಿದೆ. ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. ಬೈಸಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಮಧ್ಯಾಹ್ನ ಗದಗಿಗೆ ಹೋಗಿ ಕೇಳಿದೆ. ಮೂವತ್ತನಾಲ್ಕು ವರ್ಷಗಳಿಂದ ಸಂಗವ್ವನವರ ಪಡಸಾಲೆಯೇ ಖಾನಾವಳಿ. ಬಸ್ಸಿನ ಕಂಡಕ್ಟರುಗಳು, ಹಮಾಲರು, ಪ್ರೆಸ್ಸಿನವರು, ಕೋಣೆ ಹಿಡಿದು ಓದುವ ಹುಡುಗಿಯರು, ದಿನಕ್ಕೆ ಮೂವತ್ತು ನಲವತ್ತು ಜನ. ಪೆಟ್ಟಿಗೆ ಬರುವ ವಾರ ಮೊದಲು ಮಹಾನಂದಾ ಅದನ್ನು ಬಂದ್ ಮಾಡಿಸಿದ್ದಳು. ಬೆಂಚು ಹಿತ್ತಲಿಗೆ ಹೋದವು. ಮಸಿ ಹಿಡಿದ ಗೋಡೆ ಬಿಳಿಯಾಯಿತು. ರೊಟ್ಟಿ ಕೂಡ ಪಕ್ಕದ ಓಣಿಯಿಂದ ತರಿಸುತ್ತಿದ್ದಳು.

"ಕೋಶಗಳು ಈ ಖಾಲಿ ಮನೆಯನ್ನೇ ಮನೆ ಅಂತ ಕಲಿತಾವ್ರಿ," ಎಂದೆ. "ಇನ್ನ ಹದಿನಾಲ್ಕು ತಿಂಗಳು ನಿಮ್ಮಿಬ್ಬರನ್ನು ಬಿಟ್ಟು ಯಾರೂ ಒಳಗ ಬರೂ ಹಂಗಿಲ್ಲ."

"ಬರಬಾರದಂತನ ಮಾಡೇನ್ರಿ," ಎಂದಳು ಮಹಾನಂದಾ. "ಕ್ಯಾನ್ಸರ್ ಆದವರ ಮನಿ ಸ್ವಚ್ಛ ಇರಬೇಕು. ಅದ್ರಾಗ ತಪ್ಪೇನೈತಿ?"

ಸಂಗವ್ವ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದಿದ್ದರು. ಗಂಟಿನಿಂದಲ್ಲ, ಗಂಟು ಹಾಗೇ ಇತ್ತು.

"ಸರ, ಬ್ಯಾರೆ ದಾರಿ ಇಲ್ಲೇನು?" ಎಂದು ಕೇಳಿದರು.

ಇತ್ತು. ಪ್ರತಿ ರೋಗಿಗೂ ಪಾಠ ಹೇಳದ ಒಂದು ಸೀಸೆಯನ್ನು ನಾವು ಮೀಸಲಿಟ್ಟಿರುತ್ತೇವೆ. ಅದು ಇನ್ನು ಒಂಬತ್ತು ದಿನ ಪಾಠ ಕಲಿಯಬಲ್ಲದು. ಅದಕ್ಕಿಂತ ಹೆಚ್ಚು ಕಾಯಲು ಗಂಟೂ ಬಿಡುತ್ತಿರಲಿಲ್ಲ. ಒಂಬತ್ತು ದಿನಗಳಲ್ಲಿ ಬೇರೆ ಬೇರೆಯಾಗಿ ಮೂರು ದಿನ ಬಂದು ಕುಳಿತವರ ಉಸಿರು ಆ ಸೀಸೆಗೆ ಸೇರುತ್ತದೆ. ಆದರೆ ಎರಡು ಸೀಸೆಗಳನ್ನು ಬೆರೆಸುವಂತಿಲ್ಲ, ಕೊನೆಗೆ ಒಂದನ್ನೇ ಆರಿಸಬೇಕು. ಮೊದಲ ಸೀಸೆ ಕಲಿತದ್ದು ಎರಡನೆಯದಕ್ಕೆ ಗೊತ್ತಿರುವುದಿಲ್ಲ. ಮನೆಯವರೂ ಹೊಸದಾಗಿ ಮೂರು ದಿನ ಇರಲೇಬೇಕು. ಇದನ್ನೆಲ್ಲ ಇಬ್ಬರಿಗೂ ಎರಡು ಸಲ ಬಿಡಿಸಿ ಹೇಳಿದೆ.

"ಹಂಗಾರ ನಾಳೆ ಒಲಿ ಹಚ್ಚತೀನಿ," ಎಂದರು ಸಂಗವ್ವ.

ಮಹಾನಂದಾ ಎದ್ದು ನಿಂತಳು. "ಅಪ್ಪಗ ಟಿ.ಬಿ. ಹೆಂಗ ಬಂತಂತ ಮರತಿ ಏನು? ಉಣ್ಣಾಕ ಬಂದವರಿಂದ ಬಂತಂತ ಡಾಕ್ಟರ್ ಹೇಳಿದ್ರು. ನನಗಾಗ ಒಂಬತ್ತು ವರ್ಷ. ಅಪ್ಪ ಹೋದ ಹನ್ನೆರಡನೇ ದಿನಕ್ಕ ಬೆಂಚು ಹಾಕಿದಿ. ಈಗ ನೀನೂ ಹೋಗ್ತಿ ಏನು?"

"ಕೆಮ್ಮಿದವರನ್ನ ಬಾಗಿಲಲ್ಲೇ ತಡೀತೀನಿ. ಉಸಿರು ತಪಾಸಣೆ ಮಾಡೇ ಒಳಗ ಬಿಡೋದು," ಎಂದೆ ನಾನು.

"ನೀವು ಸುಮ್ನಿರ್ರಿ ಸರ. ಅವ್ವಾ, ಅವರು ಬೇಕೋ ನಾ ಬೇಕೋ ಹೇಳಿಬಿಡು."

ಸಂಗವ್ವ ಉತ್ತರ ಕೊಡಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೆಂದು, ಪೆಟ್ಟಿಗೆ ನಿಮಿಷ ನಿಮಿಷಕ್ಕೂ ಎಳೆಯುವ ಗೆರೆಗಳಲ್ಲಿ ಆಮೇಲೆ ನೋಡಿದೆ. ಎರಡು ಉಸಿರುಗಳೂ ನಾಲ್ಕು ನಿಮಿಷ ಒಂದೇ ಕೋಣೆಯಲ್ಲಿದ್ದವು. ನಂತರ ಒಂದು ಹೊರಗೆ ಹೋಯಿತು. ಮಹಾನಂದಾ ಕಾಲೇಜಿನ ಮಹಿಳಾ ವಸತಿಗೃಹದಲ್ಲಿ ಗೆಳತಿಯ ಕೋಣೆ ಸೇರಿದಳು.

ಮಾರನೇ ದಿನ ಬೆಂಚುಗಳು ಒಳಗೆ ಬಂದವು. ಸಂಗವ್ವ ಎಲ್ಲರಿಗೂ ಒಬ್ಬೊಬ್ಬರಿಗಾಗಿ ಫೋನ್ ಮಾಡಿ ಕರೆದಿದ್ದರು. ರೊಟ್ಟಿ ಬಡಿಯುವ ಸದ್ದಿಗೆ ನನ್ನ ಪೆಟ್ಟಿಗೆಯ ಮುಚ್ಚಳ ಅದುರುತ್ತಿತ್ತು. ನಾನು ಬಾಗಿಲ ಹೊರಗೆ ಕುಳಿತು ಬಂದವರಿಗೆಲ್ಲ ಕೊಳವೆಯಲ್ಲಿ ಊದಿಸಿ ಒಳಗೆ ಬಿಡುತ್ತಿದ್ದೆ. ಕಂಡಕ್ಟರ್ ಯಮನೂರಪ್ಪ ಮೊದಲ ದಿನವೇ ಪೆಟ್ಟಿಗೆಯ ಹತ್ತಿರ ಮುಖ ಒಯ್ದು ನೋಡಿದ.

"ಯಕ್ಕಾ, ಇದು ನಾವು ಎಷ್ಟು ರೊಟ್ಟಿ ತಿಂತೀವಂತ ಎಣಸ್ತೈತೇನು?"

"ಎಣಸ್ತಿದ್ರ ನಿನ್ನ ನೋಡಿ ಯಾವಾಗೋ ಕೆಟ್ಟು ನಿಲ್ತಿತ್ತು."

"ಮೂರು ದಿನ ಉಂಡ್ರ ನಾನೂ ಈ ಮನಿಯವನ ಆಗ್ತೀನಂತ ಸರ್ರು ಅಂತಾರ. ಹಂಗಾರ ನನಗೂ ಪಾಲು ಐತಿ."

"ಐತಿ ತಗೋ. ನಿನ್ನ ಪಾಲಿಗೆ ತಾಟು ತಿಕ್ಕೂದು ಬರ್ತೈತಿ."

ಎಲ್ಲರೂ ನಕ್ಕರು. ಸಂಗವ್ವನವರೂ ನಕ್ಕರು, ಮತ್ತು ಅಂದು ನಿಂತುಕೊಂಡೇ ಒಂದೂವರೆ ರೊಟ್ಟಿ ತಿಂದರು. ಆದರೆ ಮಧ್ಯೆ ಮಧ್ಯೆ ಅವರ ಕೈ ನಿಲ್ಲುತ್ತಿತ್ತು. ಆಗ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಬಾಗಿಲಿನ ಕಡೆ ನೋಡುತ್ತಾರೆಂದು ನನಗೆ ಮೂರನೇ ದಿನ ತಿಳಿಯಿತು. ನಾಲ್ಕನೇ ದಿನ, ಐದನೇ ದಿನ ಮಹಾನಂದಾ ಬರಲಿಲ್ಲ. ಏಳನೇ ದಿನ ಬಂದು ಒಂಬತ್ತರವರೆಗೆ ಇದ್ದರೆ ಮಾತ್ರ ಮೂರು ದಿನ ಆಗುತ್ತಿತ್ತು.

ಪಾಠದ ದಿನಗಳಲ್ಲಿ ಮನೆಯವರ ವಿಷಯಕ್ಕೆ ಕೈಹಾಕಬಾರದೆಂದು ನಮ್ಮ ನಿಯಮ. ನನ್ನಂಥವನಿಗೆ ಅದು ಬಹಳ ಅನುಕೂಲದ ನಿಯಮ. ಆದರೂ ಆರನೇ ದಿನ ಸಂಜೆಗೆ ಮುಂಚೆ ಪಾಲಿಟೆಕ್ನಿಕ್ಕಿಗೆ ಹೋದೆ.

ಮಹಾನಂದಾ ವರ್ಗ ಮುಗಿಸಿ ಬರುತ್ತಿದ್ದಳು. ಬೆರಳುಗಳಿಗೆ ಸೀಮೆಸುಣ್ಣ ಹತ್ತಿತ್ತು. ನಿದ್ದೆ ಇಲ್ಲದ ಕಣ್ಣು.

"ನಾಳೆಯಿಂದ ನೀವು ಮನೆಯಲ್ಲಿ ಇರಬೇಕು. ಇಲ್ಲದಿದ್ದರೆ ಎರಡನೇ ಸೀಸೆಯಲ್ಲಿ ನೀವು ಇರುವುದಿಲ್ಲ," ಎಂದೆ.

"ಗೊತ್ತೈತ್ರಿ. ದಿನಾ ಎಣಸಾಕತ್ತೇನಿ." ಬೆರಳಿನ ಸೀಮೆಸುಣ್ಣ ಒರೆಸಿಕೊಂಡಳು. "ಊರ ಮಂದೀನೆಲ್ಲಾ ಹೆಸರ ಹಿಡದು ಕರದ್ಲಂತ. ಹಮಾಲರ ಈರಣ್ಣಗ ಎರಡು ಸಲ ಫೋನ್ ಹೋಗೇತಿ. ನನಗ ಒಂದು ಮಾತು ಬಾ ಅಂದಿಲ್ಲ. ಅವ್ವ ಕರೀಲಿ, ಈಗ ಬರ್ತೀನಿ. ಚೀಲಾನೂ ಬಿಚ್ಚಿಲ್ಲ ನಾನು."

ಅಲ್ಲಿಂದ ನೇರ ಖಾನಾವಳಿಗೆ ಬಂದೆ. ಸಂಗವ್ವ ಹಿಟ್ಟು ನಾದುತ್ತಿದ್ದರು. "ನೀವು ಒಂದು ಮಾತು ಕರದ್ರ ಮಹಾನಂದಾ ಬರ್ತಾರ," ಎಂದೆ.

ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅಂಥ ಮಾತು ಕೇಳಿ ಅವರಿಗೆ ನಿಜವಾಗಿಯೂ ನೋವಾಗಿತ್ತು.

"ಕರೀಬೇಕಾ? ಗಿರಾಕಿನ ಕರೀತಾರ್ರಿ ಸರ. ಮನಿ ಮಗಳನ್ನ ಉಣ್ಣಾಕ ಬಾ ಅಂತ ಯಾರಾದ್ರೂ ಕರೀತಾರೇನು? ನಾ ಕರೆಯೂದಿಲ್ಲ. ಕರದ್ರ ಅಕಿ ಹೊರಗಿನಾಕಿ ಆದಂಗ. ಅಕಿ ಹಾಸಿಗಿ ಹಾಸೇ ಇಟ್ಟೇನಿ. ಬಾಗಲಕ್ಕ ಚಿಲಕ ಹಾಕದ ಮಲಗತೇನಿ."

ನಾನು ಓಣಿಗೆ ಬಂದು ಫೋನ್ ಮಾಡಿದೆ. ಆಗ ಏನು ಹೇಳಿದೆ ಎಂಬುದು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ.

"ನಿಮ್ಮ ತಾಯಿ ಕರೆಯುವುದಿಲ್ಲವಂತೆ."

"ಹಂಗಂದ್ಲಾ?"

"ಹೌದು."

ಹಾಸಿಗೆಯ ಮಾತು ಬಾಯಿತುದಿಗೆ ಬಂದಿತ್ತು, ಚಿಲಕದ ಮಾತೂ ಬಂದಿತ್ತು. ಅವು ತಾಯಿ ಮಗಳ ನಡುವಿನ ಮಾತು, ನಾನು ಯಾರು ಹೇಳಲು ಎನಿಸಿತು. ತಟ್ಟೆ ಓದಿ ಅಂಕಿ ಬರೆಯುವವನ ಹಾಗೆ ಕೇಳಿದ ಪ್ರಶ್ನೆಗೆ ಉತ್ತರವನ್ನಷ್ಟೇ ಒಪ್ಪಿಸಿದೆ. ಆ ಕಡೆ ಕಾಲೇಜಿನ ಗಂಟೆ ಬಾರಿಸಿತು. ಫೋನ್ ಕಟ್ಟಾಯಿತು.

ಏಳನೇ ದಿನ ಮಹಾನಂದಾ ಬರಲಿಲ್ಲ. ಒಂಬತ್ತನೇ ದಿನ ಪೆಟ್ಟಿಗೆ ಬಿಚ್ಚಿಕೊಂಡು ಹೋದೆ.

ಚಿಕಿತ್ಸೆಯ ಹಿಂದಿನ ದಿನ ತಾಯಿ ಮಗಳಿಬ್ಬರೂ ಹುಬ್ಬಳ್ಳಿಯ ಕೇಂದ್ರಕ್ಕೆ ಬಂದರು. ಬೇರೆ ಬೇರೆ ಬಸ್ಸಿನಲ್ಲಿ. ಒಪ್ಪಿಗೆ ಪತ್ರಕ್ಕೆ ಇಬ್ಬರ ಸಹಿಯೂ ಬೇಕು. ಡಾಕ್ಟರ್ ಮುಲ್ಲಾ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಮೊದಲ ಸೀಸೆಯ ಹಾಳೆಯಲ್ಲಿ ಎರಡೇ ಸಾಲು. ಎರಡನೆಯದರಲ್ಲಿ ಸಂಗವ್ವನವರದಲ್ಲದೆ ಮೂವತ್ತೇಳು ಉಸಿರು, ಜೋಳದ ಹಿಟ್ಟು, ಶೇಂಗಾ, ಗುರೆಳ್ಳು, ಮಸಿ, ಓಣಿಯ ನಾಯಿ.

"ಮೊದಲನೇದ್ದ ಹಾಕ್ರಿ," ಎಂದರು ಸಂಗವ್ವ, ಹಾಳೆ ನೋಡದೆಯೇ. "ಖಾನಾವಳಿ ಮುಚ್ಚಿದ್ರ ಮುಚ್ಚಲಿ. ಮಗಳಿದ್ರ ಸಾಕು."

ಮಹಾನಂದಾ ಎರಡನೇ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ತನ್ನ ಹೆಸರು ಇಲ್ಲವೆಂದು ಗೊತ್ತಿದ್ದೂ ಓದಿದಳು.

"ಮೇಡಂ, ಗಂಟಿಗೆ ಎರಡೂ ಒಂದನ ಏನ್ರಿ?"

"ಒಂದ. ಗಂಟು ಕರಗೂದ್ರಾಗ ಫರಕ ಇಲ್ಲ. ಫರಕ ಇರೋದು ಆಮೇಲಿನ ಬದುಕಿನ್ಯಾಗ."

"ಹಂಗಾರ ಎರಡನೇದ್ದು."

"ನಿನಗ ತಲಿ ಕೆಟ್ಟೈತೇನು? ಹದಿನಾಕು ತಿಂಗಳ!" ಎಂದರು ಸಂಗವ್ವ.

"ನನಗ ಲೆಕ್ಕ ಬರ್ತೈತಿ ಬೇ. ಅದನ್ನ ಕಲಸ್ತೇನಿ ಕಾಲೇಜಿನ್ಯಾಗ."

"ನೀ ಇಲ್ಲದ ಮನ್ಯಾಗ ನಾ ಏನ್ ಮಾಡ್ಲಿ?"

"ರೊಟ್ಟಿ ಮಾಡು." ಮಹಾನಂದಾ ಎರಡನೇ ಹಾಳೆಯನ್ನು ತಾಯಿಯ ಕಡೆ ಸರಿಸಿದಳು. "ಇಪ್ಪತ್ತೊಂದು ದಿನ ನಿನ್ನ ಕೈ ನೋಡೇನಿ ಬೇ. ತೊಡಿ ಮ್ಯಾಲ ಇಟಗೊಂಡು ಕೂತಿರ್ತಿದ್ದಿ, ಯಾರದೋ ಕೈ ಇದ್ದಂಗ. ನಾ ಎದುರಿಗೆ ಇದ್ದೆ, ನೀ ಉಣ್ತಿದ್ದಿಲ್ಲ. ಬಣ್ಣ ಹೊಡಿಸಿದ್ದಕ್ಕ ಹಂಗಾಗೇತಿ, ವಾಸನಿ ಹೋದ್ರ ಸರಿಹೋಗ್ತಾಳ ಅನ್ಕೊಂಡೆ. ಈಗ ಅದ ಮನಿಗೆ ಮತ್ತ ಕಳಸ್ಲೇನು ನಿನ್ನ?"

"ನೀ ಬರ್ತಿ ಅನ್ಕೊಂಡಿದ್ದೆ. ಒಂಬತ್ತು ದಿನಾನೂ," ಎಂದರು ಸಂಗವ್ವ.

"ನೀ ಕರೀತಿ ಅನ್ಕೊಂಡಿದ್ದೆ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಮಾತಾಡಬೇಕಾದವನು ನಾನೇ ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಡಾಕ್ಟರ್ ಮುಲ್ಲಾ ಎದ್ದು, ಅರ್ಧ ಗಂಟೆ ಬಿಟ್ಟು ಬರುತ್ತೇನೆ ಎಂದು ಹೊರಗೆ ನಡೆದರು.

ಚಿಕಿತ್ಸೆಗೆ ಮುಂಚೆ ರೋಗಿಯ ಉಗುರು ಕತ್ತರಿಸಬೇಕು. ಮಹಾನಂದಾ ದವಾಖಾನೆಯ ಚೀಲದಿಂದ ಉಗುರು ಕತ್ತರಿ ತೆಗೆದು, ತಾಯಿಯ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ಒಂದೊಂದನ್ನೇ ಕತ್ತರಿಸಿ, ಒಳಗಿನ ಹಿಟ್ಟು ಕೆರೆದು ತೆಗೆದಳು. ಹತ್ತು ಬೆರಳು ಮುಗಿದ ಮೇಲೂ ಕೈ ಬಿಡಲಿಲ್ಲ. ಮರುದಿನದಿಂದ ಅವಳು ಆ ಕೈ ಮುಟ್ಟುವಂತಿರಲಿಲ್ಲ.

ಡಾಕ್ಟರ್ ಮರಳಿದಾಗ ಎರಡನೇ ಹಾಳೆಯ ಮೇಲೆ ಎರಡು ಸಹಿ ಇದ್ದವು. ಸಂಗವ್ವನವರದು ಸ್ವಲ್ಪ ಸೊಟ್ಟಗಿತ್ತು.

ಮೂರು ವಾರ ಕೇಂದ್ರದಲ್ಲಿದ್ದು ಅವರು ಮನೆಗೆ ಹೋದರು. ಚಿಕಿತ್ಸೆಯಾದ ಐವತ್ತೆರಡನೇ ದಿನ ತಪಾಸಣೆಗೆಂದು ನಾನು ಗದಗಿಗೆ ಹೋದೆ. ಖಾನಾವಳಿಯ ಬಾಗಿಲಿಗೆ ಒಳಗೆ ಬರಬಹುದಾದವರ ಮೂವತ್ತೇಳು ಹೆಸರುಗಳ ಪಟ್ಟಿ ಅಂಟಿಸಿತ್ತು. ಕೇಂದ್ರದ ಸಿಬ್ಬಂದಿಗೆ ಮಾತ್ರ ಕೊಡುವ, ಒಂದು ತಾಸಷ್ಟೇ ತಾಳುವ ಮುಖಗವಸು, ಕೈಗವಸು ಬಿಗಿದುಕೊಂಡು ಒಳಗೆ ಹೋಗಿ ಅವರ ಕುತ್ತಿಗೆ ಮುಟ್ಟಿ ನೋಡಿದೆ. ಅಡಿಕೆ ಗಾತ್ರದ ಗಂಟುಗಳಿದ್ದ ಕಡೆ ಈಗ ಬೆರಳಿಗೆ ಏನೂ ಸಿಗಲಿಲ್ಲ. ಜ್ವರ ಒಂದು ದಿನವೂ ಬಂದಿರಲಿಲ್ಲ. ಒಳ್ಳೆಯ ಸುದ್ದಿ. ನನ್ನ ಪುಸ್ತಕದಲ್ಲಿ ಇಷ್ಟು ಒಳ್ಳೆಯ ಅಂಕಿ ಬರೆದದ್ದು ಕಡಿಮೆ.

ಬರೆದು ಮುಗಿಸಿ, ಲೇಖನಿಯ ಮುಚ್ಚಳ ಹಾಕಿ, ಆ ದಿನ ಫೋನಿನಲ್ಲಿ ಮಗಳಿಗೆ ನಾನು ಏನು ಹೇಳಿದ್ದೆ ಎಂದು ಅವರಿಗೆ ಹೇಳಿದೆ. ಏನನ್ನು ಹೇಳದೆ ಬಿಟ್ಟಿದ್ದೆ ಎಂಬುದನ್ನೂ ಹೇಳಿದೆ.

ಸಂಗವ್ವ ಹಂಚಿನ ಮೇಲಿನ ರೊಟ್ಟಿಯ ಮೇಲೆ ನೀರು ಸವರಿದರು. ಅದನ್ನು ತಿರುವಿ ಹಾಕಿದರು. ನಾನು ಹೊರಡಬಹುದೋ ಏನೋ ಎಂದು ಎದ್ದೆ.

"ನೀವು ಸುಳ್ಳೇನ ಹೇಳಿಲ್ಲಲ್ರಿ ಸರ," ಎಂದರು. "ನಾ ಕರೀಲಿಲ್ಲ. ಅದು ಖರೇನ ಐತಿ."

ಅದು ಕ್ಷಮೆಯೋ ಅಲ್ಲವೋ ನನಗೆ ಇಂದಿಗೂ ತಿಳಿದಿಲ್ಲ.

ಮಧ್ಯಾಹ್ನ ಒಂದೂವರೆಗೆ ಯಮನೂರಪ್ಪ ಕೈ ತೊಳೆದುಕೊಂಡು ಒಲೆಯ ಹತ್ತಿರ ಬಂದು ನಿಂತ. ಸಂಗವ್ವ ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿ, ಮೊಸರು ಹಾಕಿ ಅದರ ಮೇಲೆ ಇನ್ನೊಂದು ತಾಟು ಬೋರಲು ಹಾಕಿಕೊಟ್ಟರು. ಅವನು ಅದನ್ನು ಹಿಡಿದು ರಸ್ತೆ ದಾಟಿದ. ಆಚೆ ಬದಿಯಲ್ಲಿ ಟೇಲರ್ ಅಂಗಡಿಯ ಮೇಲಿನ ಕೋಣೆಯನ್ನು ಮಹಾನಂದಾ ಬಾಡಿಗೆಗೆ ಹಿಡಿದಿದ್ದಳು. ಕಾಲೇಜಿನಿಂದ ಊಟದ ಬಿಡುವಿಗೆ ಬಂದು ಅಂಗಡಿಯ ಪಕ್ಕ ನಿಂತಿದ್ದಳು. ಯಮನೂರಪ್ಪ ಅವಳ ಹತ್ತಿರ ಹೋಗಲಿಲ್ಲ. ನಮ್ಮ ನಿಯಮ ಅಷ್ಟನ್ನು ಕೇಳುವುದಿಲ್ಲ, ಆದರೂ ಅವನು ಮತ್ತೆ ಈ ಮನೆಯೊಳಗೆ ಬರಬೇಕಾದವನು. ತಾಟನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವಳು ಬಂದು ಎತ್ತಿಕೊಂಡಳು.

"ಇನ್ನೊಂದು ರೊಟ್ಟಿ ತರ್ಲೇನವ್ವಾ?" ಎಂದು ದೂರದಿಂದಲೇ ಕೂಗಿದ.

"ಸಾಕ್ರಿ ಅಣ್ಣಾರ. ಅವ್ವ ಉಂಡಾಳೇನು ಕೇಳ್ರಿ."

ಸಂಗವ್ವ ಆಗಲೇ ಹೊಸ್ತಿಲ ಒಳಗೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಹಾನಂದಾ ಮೊದಲ ತುತ್ತು ಮುರಿಯುವಷ್ಟರಲ್ಲಿ ಹತ್ತಿಯ ಮೂಟೆ ತುಂಬಿದ ಒಂದು ಲಾರಿ ಬಂದು ನಡುವೆ ನಿಂತಿತು. ಮುಂದೆ ದಾರಿ ಕಟ್ಟಿತ್ತು. ಡ್ರೈವರ್ ಹಾರ್ನ್ ಹೊಡೆದ, ಇಳಿದು ಯಾರಿಗೋ ಬೈದ, ಮತ್ತೆ ಹತ್ತಿದ. ಒಳಗೆ ಯಾರೋ ಪಲ್ಯ ಕೇಳಿದರು. ಸಂಗವ್ವ ತಿರುಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿದ ವಾಸನೆ ಮುಖಗವಸಿನೊಳಗೂ ನನಗೆ ಬಂತು.

ಲಾರಿ ಸರಿಯಿತು. ಮಹಾನಂದಾ ಕಟ್ಟೆಯ ಮೇಲೆ ಕುಳಿತು, ಮನೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಸಂಗವ್ವ ಒಳಗೆ ಹೋಗಿ ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹೊಸ ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡರು.